ಬೆಂಚಿನ ಅಡಿಯ ಬರಹ

ಹೊಳೆ ಉಕ್ಕಿ ಶಾಲೆಯೊಳಗೆ ಸೊಂಟದುದ್ದ ನೀರು ನಿಂತು ಐದು ತಿಂಗಳಾಗಿತ್ತು. ನೀರೇನೋ ಇಳಿಯಿತು, ಆದರೆ ಪಾಠಗಳು ಇನ್ನೂ ಊರಾಚೆಯ ಗೋದಾಮಿನಲ್ಲೇ ನಡೆಯುತ್ತಿದ್ದವು. ಒಂದು ಮೂಲೆಯಲ್ಲಿ ಎಂಟನೇ ತರಗತಿಯವರಿಗೆ ಇತಿಹಾಸ, ಇನ್ನೊಂದು ಮೂಲೆಯಲ್ಲಿ ಹತ್ತನೆಯವರಿಗೆ ಗಣಿತ. ಗಣಿತದ ಮೇಷ್ಟ್ರು ಹೇಳಿದ್ದು ಇತಿಹಾಸದವರಿಗೆಲ್ಲ ಕೇಳುತ್ತಿತ್ತು. ಗಣಿತದವರಿಗೆ ಮಾತ್ರ ಕೇಳುತ್ತಿರಲಿಲ್ಲ.

ಪರೀಕ್ಷೆಯ ಹೊತ್ತಿಗಾದರೂ ಮಕ್ಕಳು ತಮ್ಮ ಶಾಲೆಯಲ್ಲೇ ಕೂರಲಿ ಎಂದು ಹಳೆಯ ವಿದ್ಯಾರ್ಥಿಗಳು ಒಟ್ಟಾದರು. ಕೆಲವರು ಗೋಡೆಗೆ ಸುಣ್ಣ ಬಳಿದರು. ಒಬ್ಬ ಬಸ್ ಡ್ರೈವರ್ ಎರಡು ದಿನ ರಜೆ ಹಾಕಿ, ನೆನೆದ ಬೆಂಚುಗಳನ್ನೆಲ್ಲ ಗಾಡಿಯಲ್ಲಿ ತಂದು ಬಡಗಿಯ ಅಂಗಳದಲ್ಲಿ ಇಳಿಸಿದ. ಒಟ್ಟು ಮೂವತ್ತೆರಡು ಬೆಂಚು.

ಬಡಗಿಯೂ ಅದೇ ಶಾಲೆಯವನು. ಅವನ ಮಗಳು ಈಗ ಅಲ್ಲೇ ಹತ್ತನೇ ತರಗತಿ. ಆದರೆ ಸೋಮವಾರದಿಂದ ಅವಳು ಗೋದಾಮಿನ ಕಡೆ ತಲೆ ಹಾಕಿರಲಿಲ್ಲ.

"ಈ ವರ್ಷ ಪರೀಕ್ಷೆ ಬರೆಯಲ್ಲಪ್ಪ," ಅಂದಿದ್ದಳು. "ಗಣಿತ ಅರ್ಧಾನೂ ಆಗಿಲ್ಲ. ಫೇಲಾಗಿ ಊರವರ ಬಾಯಿಗೆ ಬೀಳೋದ್ಯಾಕೆ? ಮುಂದಿನ ವರ್ಷ ಬರೀತೀನಿ."

ಬಡಗಿಗೂ ಅದು ಸರಿಯೆಂದೇ ತೋರಿತ್ತು. ಪರೀಕ್ಷೆಯ ಅರ್ಜಿ ಕೊಡಲು ಶನಿವಾರ ಕಡೆಯ ದಿನ. ಇವತ್ತು ಶುಕ್ರವಾರ. ತುಂಬದ ಅರ್ಜಿ ಕಿಟಕಿಯ ಕಟ್ಟೆಯ ಮೇಲೆ, ಗಾಳಿಗೆ ಹಾರದಂತೆ ಸುತ್ತಿಗೆಯ ಅಡಿಯಲ್ಲಿ ಬಿದ್ದಿತ್ತು.

ಅವನು ಅಚ್ಚುಕಟ್ಟಿನ ಕೆಲಸಗಾರ. ಕಣ್ಣಿಗೆ ಕಾಣದ ಜಾಗವೂ ನುಣುಪಾಗಿರಬೇಕು ಅವನಿಗೆ. ಅದಕ್ಕೇ ಬೆಂಚಿನ ಮೇಲ್ಭಾಗಕ್ಕೆ ಹತ್ತರಿ ಹೊಡೆದು ಕೆಸರು ಹಿಡಿದ ಪದರ ತೆಗೆದ ಮೇಲೆ, ಮಗುಚಿ ಹಾಕಿ ಅಡಿಯನ್ನೂ ಹೊಡೆಯುತ್ತಿದ್ದ. ಎಂಟು ಬೆಂಚು ಹಾಗೆ ಮುಗಿದಿದ್ದವು. ಒಂಬತ್ತನೆಯದನ್ನು ಮಗುಚಿ ಹತ್ತರಿ ಇಡುವಷ್ಟರಲ್ಲಿ ಆರೋಗ್ಯ ಕೇಂದ್ರದ ನರ್ಸ್ ಮರಳು ಕಾಗದದ ಕಟ್ಟು ಹಿಡಿದು ಬಂದಳು. ಅವಳು ಬಡಗಿಯ ಸಹಪಾಠಿ.

"ಏ ಮೊಳೆ! ನಿಲ್ಲಿಸೋ!"

ಶಾಲೆಯಲ್ಲಿ ಅವನಿಗೆ ಇದ್ದ ಹೆಸರು ಅದು. ಬಡಗಿಯ ಕೈ ಗಕ್ಕನೆ ನಿಂತಿತು.

"ಏನಾಯ್ತೇ? ಬೆರಳು ಹೋಯ್ತೇನೋ ಅಂದ್ಕೊಂಡೆ!"

"ಅಡಿ ಯಾಕೆ ಕೆರೀತಿದ್ದೀಯ? ಅಲ್ಲಿ ಬರೆದಿರೋದು ಕಾಣಲ್ವಾ?"

"ಏನೋ ಗೀಚಿದಾರೆ ಪೋಲಿಗಳು."

"ಅದರಲ್ಲಿ ನಾನೂ ಒಬ್ಬಳು ಪೋಲಿ." ನರ್ಸ್ ನೆಲದ ಮೇಲೆ ಕೂತಳು. "ಹತ್ತನೇ ಪರೀಕ್ಷೆಯ ಕಡೆಯ ಪತ್ರಿಕೆ ಬರೆದ ದಿನ ನಾವೆಲ್ಲ ಬೆಂಚು ಮಗುಚಿ, ಹಿಂದಿನವರು ಬರೆದಿದ್ದು ಓದಿ, ನಮ್ಮದೂ ಒಂದೊಂದು ಮಾತು ಕೊರೀತಿದ್ವಿ. ಹೆಸರು ಬರೀಬಾರದು, ಅದೇ ಕಟ್ಟಳೆ. ಮೇಷ್ಟ್ರಿಗೂ ಗೊತ್ತಿತ್ತು, ಆ ದಿನ ಬೇಕಂತಲೇ ಹೊರಗೆ ನಿಲ್ತಿದ್ರು."

"ನನಗೆ ಗೊತ್ತೇ ಇರ್ಲಿಲ್ಲ."

"ನಿನಗೆ ಹೇಗೆ ಗೊತ್ತಿರುತ್ತೆ? ಆ ದಿನ ನೀನು ಬಂದಿದ್ರೆ ತಾನೆ."

ಒಳಗಿನಿಂದ ನೀರಿನ ಲೋಟ ತರುತ್ತಿದ್ದ ಮಗಳು ಹೊಸ್ತಿಲಲ್ಲೇ ನಿಂತಳು. ಅಪ್ಪ ಯಾವಾಗಲೂ 'ನಾನೂ ಹತ್ತು ಓದಿದೋನು' ಎನ್ನುತ್ತಿದ್ದ. ಪರೀಕ್ಷೆ ಬರೆದಿದ್ದನೋ ಇಲ್ಲವೋ ಎಂದು ಅವಳು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

"ಅಪ್ಪ, ನೀನು ಪರೀಕ್ಷೆ ಬರೆದಿಲ್ವಾ?"

ಬಡಗಿ ಹತ್ತರಿಯಲ್ಲಿ ಸಿಕ್ಕಿಕೊಂಡಿದ್ದ ಮರದ ಸುರುಳಿಯನ್ನು ನಿಧಾನವಾಗಿ ಬಿಡಿಸಿದ. "ಆ ವರ್ಷ ನಿಮ್ಮಜ್ಜ ಹಾಸಿಗೆ ಹಿಡಿದಿದ್ರು. ಓದಕ್ಕೆ ಆಗ್ಲಿಲ್ಲ. ಮುಂದಿನ ವರ್ಷ ಬರೆದ್ರಾಯ್ತು ಅಂತ ಬಿಟ್ಟೆ."

"ಮತ್ತೆ?"

"ಮತ್ತೇನು. ಮುಂದಿನ ವರ್ಷ ಕೈಯಲ್ಲಿ ಉಳಿ ಇತ್ತು."

ನರ್ಸ್ ಹುಡುಗಿಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. "ಪರೀಕ್ಷೆ ಬರೆದು ಮುಗಿಸಿದ ಮೇಲೇ ಓದಬೇಕು ಇದನ್ನ. ಈ ವರ್ಷ ಮೊದಲೇ ಓದು ಪುಟ್ಟಿ, ವರ್ಷವೇ ಹಾಗಿದೆ."

ಹುಡುಗಿ ಒಂದೊಂದೇ ಬೆಂಚಿನ ಅಡಿಯನ್ನು ದುಪಟ್ಟಾದಿಂದ ಒರೆಸುತ್ತ ಓದಿದಳು. 'ಮನೆಯಲ್ಲಿ ದೀಪ ಇರಲಿಲ್ಲ. ಬೆಳಕು ಹರಿದ ಮೇಲೆ ಓದಿದೆ.' 'ಅಮ್ಮ ಆಸ್ಪತ್ರೆಯಲ್ಲಿ. ಆದರೂ ಆರೂ ಪತ್ರಿಕೆ ಬರೆದೆ.' 'ಮೂವತ್ತೈದು ಬಂದರೆ ನಾನೇ ರಾಜ.' ಅವಳಿಗೆ ನಗು ಬಂತು.

"ಈ ರಾಜ ಯಾರು ಅತ್ತೆ?"

"ನಿಮ್ಮ ಬಸ್ ಡ್ರೈವರ್. ಮೂವತ್ತಾರು ಬಂತು, ಒಂದು ವಾರ ನೆಲದ ಮೇಲೆ ಕಾಲಿಡಲಿಲ್ಲ."

ಇನ್ನೊಂದು ಬೆಂಚಿನ ಅಡಿಯಲ್ಲಿ ಎರಡು ಬರಹ ಇದ್ದವು, ಒಂದೇ ಕೈಯವು. ಮೇಲೆ, 'ಗಣಿತ ಕೆಟ್ಟಿತು.' ಕೆಳಗೆ, 'ಮತ್ತೆ ಬರೆದೆ. ಆಯಿತು.'

"ಇದು ನಂದು," ಅಂದಳು ನರ್ಸ್. "ಗಣಿತದಲ್ಲಿ ಫೇಲಾದೆ. ಮೂರು ದಿನ ಮುಸುಕು ಹಾಕ್ಕೊಂಡು ಅತ್ತೆ. ಆಮೇಲೆ ಹೆಡ್‌ಮೇಡಂ ಕರೆದು ಹೇಳಿದ್ರು, ಹೋಗಿರೋ ವಿಷಯ ಒಂದನ್ನೇ ಮತ್ತೆ ಬರೀಬಹುದು, ಪಾಸಾಗಿದ್ದು ಎಲ್ಲೂ ಹೋಗಲ್ಲ ಅಂತ. ಬರೆದೆ. ಇವತ್ತು ಸೂಜಿ ಚುಚ್ಚುವಾಗ ಯಾರೂ ನನ್ನ ಗಣಿತದ ಅಂಕ ಕೇಳಲ್ಲ."

ಬಡಗಿ ಇನ್ನೂ ಅನುಮಾನದಲ್ಲೇ ಇದ್ದ. "ಪಾಠವೇ ಆಗಿಲ್ಲ ಅಂತಾಳಲ್ಲೇ. ಒಂದು ವರ್ಷ ತಾನೆ? ಪರೀಕ್ಷೆ ಎಲ್ಲಿಗೆ ಓಡಿಹೋಗುತ್ತೆ?"

"ಪರೀಕ್ಷೆ ಅಲ್ಲೇ ಇರುತ್ತೆ ಮೊಳೆ. ನಾವು ಅಲ್ಲಿರಲ್ಲ. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ನರ್ಸ್ ದನಿ ತಗ್ಗಿಸಿದಳು. "ಪಾಠ ಉಳಿದಿದೆ, ನಿಜ. ನಾಳೆಯಿಂದ ದಿನಾ ಸಂಜೆ ಐದಕ್ಕೆ ಆರೋಗ್ಯ ಕೇಂದ್ರದ ಹಿಂದಿನ ಕೋಣೆಗೆ ಬರಲಿ. ಹಳಬರು ಸರದಿ ಮೇಲೆ ಹೇಳಿಕೊಡ್ತೀವಿ. ಗೊತ್ತಾಗದ್ದನ್ನ ನಾಚಿಕೆ ಬಿಟ್ಟು ಕೇಳಬೇಕು, ಅಷ್ಟೇ."

"ಡ್ರೈವರ್ ಮಾಮನೂ ಹೇಳಿಕೊಡ್ತಾರಾ?" ಹುಡುಗಿ ಕೇಳಿದಳು.

"ಅವನು ಗಂಟೆ ಹೊಡೀತಾನೆ."

ಹುಡುಗಿ ನಗುತ್ತಲೇ ಎದ್ದು ಹೋಗಿ ಸುತ್ತಿಗೆ ಸರಿಸಿ ಅರ್ಜಿ ತೆಗೆದುಕೊಂಡಳು. ಮಗುಚಿದ ಬೆಂಚಿನ ಪಕ್ಕದಲ್ಲೇ ಕೂತು ತುಂಬತೊಡಗಿದಳು. ಪೋಷಕರ ಸಹಿಯ ಜಾಗ ಬಂದಾಗ ಕಾಗದವನ್ನು ಅಪ್ಪನ ಮುಂದೆ ಹಿಡಿದಳು. ಬಡಗಿ ಕೈಯನ್ನು ಅಂಗಿಗೆ ಎರಡು ಸಲ ಒರೆಸಿಕೊಂಡು, ಅಕ್ಷರ ಅಕ್ಷರವಾಗಿ ಸಹಿ ಹಾಕಿದ.

ಆಮೇಲೆ ಗೋಡೆಗೆ ಒರಗಿಸಿದ್ದ ಎಂಟು ಬೆಂಚುಗಳನ್ನು ನೋಡಿ ಅವನ ಮುಖ ಸಣ್ಣದಾಯಿತು. "ಅಷ್ಟೂ ಅಳಿಸಿಬಿಟ್ಟೆನಲ್ಲೇ."

"ಬಿಡು," ಅಂದಳು ನರ್ಸ್. "ಈ ವರ್ಷದವರಿಗೂ ಜಾಗ ಬೇಕಲ್ಲ."

ಶಾಲೆ ಮುಗಿಸುವ ಹೊತ್ತಿನಲ್ಲಿ ಕಷ್ಟ ಕಂಡಿರುವ ಮಕ್ಕಳೇ, ನಿಮಗಿಂತ ಮುಂಚೆ ಓದಿ ಹೋದವರ ಪೈಕಿ ಎಲ್ಲವೂ ನೆಟ್ಟಗಿದ್ದವರು ಬಹಳ ಕಡಿಮೆ. ಅರ್ಜಿ ತುಂಬಿ. ಬಂದಷ್ಟು ಬರೆಯಿರಿ. ಒಂದು ವಿಷಯ ಕೈಕೊಟ್ಟರೆ ಮತ್ತೆ ಬರೆಯುವ ದಾರಿಯನ್ನು ನಿಮ್ಮ ಶಾಲೆಯಲ್ಲಿ ಕೇಳಿ ತಿಳಿಯಿರಿ. ಓದು ಮುಗಿಸಿ ಹೋದ ಅಣ್ಣ ಅಕ್ಕಂದಿರೇ, ನಿಮ್ಮ ಓಣಿಯಲ್ಲಿ ಶಾಲೆಗೆ ಹೋಗುವುದನ್ನು ನಿಲ್ಲಿಸಿದವರು ಯಾರಿದ್ದಾರೆ ನೋಡಿ. ಇವತ್ತೇ ಹೋಗಿ ಮಾತಾಡಿಸಿ.

ನುಣುಪಾದ ಎಂಟು ಬೆಂಚು ಕಾಯುತ್ತಿವೆ. ಕಡೆಯ ಪತ್ರಿಕೆ ಬರೆದು ಬನ್ನಿ, ನಿಮ್ಮ ಮಾತು ಅಲ್ಲಿರಲಿ.