ಆಶೀರ್ವಾದದ ಕಚೇರಿಯ ಮುಂದೆ

ಕಾಣಿಕೆ ಪಡೆದು ತಿಂಗಳು ತಿಂಗಳು ದುಡ್ಡು ಹಂಚುತ್ತಿದ್ದ ಕಾನಾ ಪ್ರಾರ್ಥನಾ ಕೂಟದ ಕಚೇರಿಗೆ ಸರ್ಕಾರದವರು ಬೀಗ ಜಡಿದ ಬೆಳಿಗ್ಗೆ ರೊಸೆಂಡಾ ಮೀನುಪೇಟೆಯ ತನ್ನ ಮಳಿಗೆ ತೆರೆಯಲೇ ಇಲ್ಲ. ನೇರ ಹೆದ್ದಾರಿ ಪಕ್ಕದ ಆ ಕಚೇರಿಯೆದುರು ಹೋಗಿ ಜನರ ನಡುವೆ ನಿಂತಳು. ಜನರಲ್ ಸ್ಯಾಂಟೋಸ್ ಪಟ್ಟಣದ ಅರ್ಧ ಪೇಟೆ ಅಲ್ಲಿತ್ತು. ಟ್ಯೂನಾ ಹೊರುವವರು, ನಿವೃತ್ತ ಮೇಷ್ಟ್ರುಗಳು, ಕೊಲ್ಲಿ ದೇಶದಲ್ಲಿ ದುಡಿಯುವವರ ಹೆಂಡತಿಯರು. ಕೊಟ್ಟ ದುಡ್ಡು ವಾಪಸ್ ಕೊಡಿಸಿ ಎಂದು ಒಬ್ಬರೂ ಕೇಳುತ್ತಿರಲಿಲ್ಲ. ಬೀಗ ತೆಗೆಯಿರಿ, ಕೂಟ ಕಟ್ಟಿದ ನಮ್ಮ ಬ್ರದರ್‌ನನ್ನು ಬಿಟ್ಟುಬಿಡಿ ಎಂದು ಪೊಲೀಸರ ಮುಂದೆ ಅಂಗಲಾಚುತ್ತಿದ್ದರು. ನಡುನಡುವೆ ಸ್ತುತಿಗೀತೆ ಹಾಡುತ್ತಿದ್ದರು.

ಟಿ.ವಿ.ಯಲ್ಲಿ ಟೈ ಕಟ್ಟಿದ ಒಬ್ಬ ಇವರನ್ನೆಲ್ಲ ದುರಾಸೆಯ ಜನ ಎಂದ. ದುರಾಸೆಯಂತೆ. ಅವನ ಹೆಂಡತಿ ದಿನಾ ಸಂಜೆ ಅವನ ಜೊತೆ ಕೂತು ಉಣ್ಣುತ್ತಾಳೆ. ರೊಸೆಂಡಾಳ ಗಂಡ ಫೆಲಿಸಿತೊ, ಮಗಳು ಹೊಟ್ಟೆಯಲ್ಲಿದ್ದಾಗ ವೆಲ್ಡಿಂಗ್ ಕೆಲಸಕ್ಕೆಂದು ಕೊಲ್ಲಿಯ ದಮಾಮ್‌ಗೆ ಹೋದವನು. ಮಗಳ ಮೂಗಿನ ಮೇಲೆ ಈಗ ಮೊಡವೆ. ಅಪ್ಪ ಎಂದರೆ ಅವಳಿಗೆ ಫೋನಿನ ಗಾಜಿನೊಳಗಿನ ಮುಖ. ಹೋದ ಸಲ ಅವನು ರಜೆಗೆ ಬಂದಾಗ ಎದುರು ನಿಂತು ಮಾತಾಡಲು ನಾಚಿ, ಪಕ್ಕದ ಕೋಣೆಗೆ ಹೋಗಿ ಅವನಿಗೆ ಮೆಸೇಜ್ ಮಾಡಿದ್ದಳು.

ರೊಸೆಂಡಾ ಬಯಸಿದ್ದು ದೊಡ್ಡದೇನಲ್ಲ. ಅವನ ಕೆಮ್ಮು ಮನೆಯೊಳಗೆ ಕೇಳಬೇಕು. ಒಣಮೀನನ್ನು ವಿನೆಗರ್‌ನಲ್ಲಿ ಅದ್ದಿ ಚಪ್ಪರಿಸುವಾಗ, ಸದ್ದು ಮಾಡಬೇಡ ಎಂದು ಬೈಯಲು ಎದುರಿಗೆ ಅವನಿರಬೇಕು. ಜನ ಸಾಗಿಸುವ ಒಂದು ಜೀಪ್ನಿ ಗಾಡಿ ಕೊಂಡರೆ ಅವನು ಬಂದು ಪಟ್ಟಣದಲ್ಲೇ ಬಾಡಿಗೆಗೆ ಓಡಿಸಬಹುದೆಂದು ಇಬ್ಬರೂ ಕೂಡಿಡುತ್ತಿದ್ದರು. ಮುಕ್ಕಾಲು ಕೂಡುವಷ್ಟರಲ್ಲಿ ಮನೆಯಲ್ಲಿ ಯಾರಿಗೋ ಆಪರೇಷನ್, ಇನ್ನಾರಿಗೋ ಸಾವು. ಕೂಡಿಟ್ಟದ್ದು ಕರಗಿ, ಕಂಪನಿಯ ಜೊತೆಗಿನ ಅವನ ಒಪ್ಪಂದ ಮತ್ತೆ ಮುಂದುವರಿಯುತ್ತಿತ್ತು.

ಆಗ ನೆನಿತಾ ಬಂದಳು. ಮಗಳ ಜ್ಞಾನಸ್ನಾನದ ದಿನ ಕೂಸನ್ನು ಎತ್ತಿಕೊಂಡಿದ್ದ ಧರ್ಮತಾಯಿ. ಅಂದಿನಿಂದ ಇಬ್ಬರೂ ಪರಸ್ಪರ ಕರೆಯುವುದು 'ಮಾರೆ' ಎಂದೇ. ಒಡಹುಟ್ಟಿದವಳ ಜೊತೆ ಜಗಳವಾಡಬಹುದು, ಮಾರೆಯ ಜೊತೆ ಆಗದು.

"ಬಡ್ಡಿ ಅನ್ಬೇಡ ಮಾರೆ, ಅದು ಬ್ಯಾಂಕಿನವರ ಮಾತು. ಇದು ಆಶೀರ್ವಾದ. ಕೂಟಕ್ಕೆ ಒಂದ್ಸಲ ಕೊಟ್ಟುಬಿಡು, ತಿಂಗಳು ತಿಂಗಳು ಬರ್ತಾನೇ ಇರುತ್ತೆ. ಫೆಲಿ ಯಾಕೆ ಅಲ್ಲಿ ಬೇಯ್ತಾ ಇರ್ಬೇಕು?"

ಕೊನೆಯ ಮಾತೊಂದೇ ಸಾಕಾಯಿತು. ಸಹಿ ಹಾಕಿಸಿಕೊಂಡ ಕಾಗದದಲ್ಲಿ, ಇದು ಸ್ವಂತ ಇಚ್ಛೆಯ ಕಾಣಿಕೆ, ಮರಳಿ ಕೇಳುವುದಿಲ್ಲ ಎಂದಿತ್ತು. ರೊಸೆಂಡಾ ಅದನ್ನು ಓದಿದಳು. ಓದಿಯೂ ಸಹಿ ಹಾಕಿದಳು. ಮಗಳನ್ನು ಎತ್ತಿಕೊಂಡ ಕೈಯನ್ನು ಹಿಡಿದು ಇದಕ್ಕೇನು ಗ್ಯಾರಂಟಿ ಎಂದು ಕೇಳುವುದೇ? ಮೊದಲು ಸ್ವಲ್ಪ ಕೊಟ್ಟಳು. ಆಶೀರ್ವಾದ ಬಂತು ಕೂಡ. ಅದನ್ನೂ ಸೇರಿಸಿ, ಜೀಪ್ನಿಗೆಂದು ಇಟ್ಟಿದ್ದನ್ನೆಲ್ಲ ಅಲ್ಲೇ ಸುರಿದಳು. ಈ ಸಲ ಒಪ್ಪಂದಕ್ಕೆ ಸಹಿ ಹಾಕಬೇಡ, ಬಂದುಬಿಡು ಎಂದು ಗಂಡನಿಗೆ ಹೇಳಿದಳು. ಅವನು ದಮಾಮ್‌ನಲ್ಲಿ ಸಾಬೂನು, ಚಾಕೊಲೇಟ್ ಕೊಂಡು ರಟ್ಟಿನ ಪೆಟ್ಟಿಗೆ ತುಂಬತೊಡಗಿದ್ದ.

ಈಗ ಬೀಗ ಬಿದ್ದಿತ್ತು.

ಮೈದುನ ಇಸ್ಕೊ ಗಾರೆ ಕೆಲಸ ಬಿಟ್ಟು ಅತ್ತಿಗೆಯನ್ನು ಹುಡುಕಿಕೊಂಡು ಬಂದ. ಅವನ ಕಣ್ಣು ಕೆಂಡವಾಗಿತ್ತು. "ಅಣ್ಣ ಮೈ ಸುಟ್ಕೊಂಡು ಕಳಿಸಿದ ದುಡ್ಡು ಅತ್ತಿಗೆ ಅದು. ನೀವು ನೋಡಿದ್ರೆ ಕಳ್ಳರ ಹಾಡಿಗೆ ಚಪ್ಪಾಳೆ ತಟ್ತಿದೀರ. ಎಲ್ಲಿ ನಿಮ್ಮ ಮಾರೆ? ವಿಮಾನ ಹತ್ತಿದ್ಲಾ?"

ರೊಸೆಂಡಾ ಕೈ ತೋರಿಸಿದಳು. ನೆನಿತಾ ಮುಂದಿನ ಸಾಲಿನಲ್ಲೇ ಇದ್ದಳು, ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು. ತಾಯಿಯ ಕಾಲದ ತೆಂಗಿನ ತೋಟ ಮಾರಿ ಅವಳೂ ಅಲ್ಲೇ ಹಾಕಿದ್ದಳು. ಹೊಡೆಯಲು ಒಬ್ಬ ಕಳ್ಳ ಸಿಕ್ಕಾನೆಂದು ಬಂದಿದ್ದ ಇಸ್ಕೊ ಮುಷ್ಟಿಯನ್ನು ಜೇಬಿಗೆ ತುರುಕಿಕೊಂಡ.

ಅಷ್ಟರಲ್ಲಿ ಫೋನ್ ಬಂತು. ಫೆಲಿಸಿತೊ.

"ರೊಸೆಂಡಾ, ಕಂಪನಿಯವನು ಎದುರಿಗೇ ಕೂತಿದಾನೆ. ಸಹಿ ಹಾಕ್ಲಾ, ಟಿಕೆಟ್ ತಗೊಳ್ಲಾ?"

ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. ಅವನೇ ದನಿ ತಗ್ಗಿಸಿ ಹೇಳಿದ, "ಬೀಗ ಹಾಕಿದ್ದನ್ನ ನಾನೂ ಫೋನಲ್ಲಿ ನೋಡ್ದೆ. ಆದ್ರೂ ನೀನು ಹೇಳು. ತೆಗೀತಾರೆ ಅಂತ ನೀನಂದ್ರೆ, ನಾನು ಹೊರಟುಬಿಡ್ತೀನಿ."

ತೆಗೀತಾರೆ ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅಂದುಬಿಟ್ಟರೆ ವಾರದೊಳಗೆ ಅವನು ಬಾಗಿಲಲ್ಲಿರುತ್ತಾನೆ. ಆಮೇಲೆ ಮೂವರೂ ಏನು ತಿನ್ನುವುದು?

"ಸಹಿ ಹಾಕು ಫೆಲಿ."

ಅವನು, ಮಗಳಿಗೆ ಶೂ ತಗೊಂಡಿದೀನಿ, ಅದನ್ನ ಈಗ್ಲೇ ಕಳಿಸ್ತೀನಿ, ಕಾಲು ಬೆಳೆದುಬಿಡುತ್ತೆ ಎಂದ. ಫೋನ್ ಕಟ್ ಆಯಿತು.

ಇಸ್ಕೊ ಮೆತ್ತಗಾಗಿ, ಬನ್ನಿ, ಮನೆಗೆ ಹೋಗೋಣ ಎಂದ. ರೊಸೆಂಡಾ ಜನರನ್ನು ಸರಿಸಿಕೊಂಡು ಮುಂದಕ್ಕೇ ನಡೆದಳು, ನೆನಿತಾಳ ಪಕ್ಕಕ್ಕೆ.

"ಸಹಿ ಹಾಕು ಅಂತ ನೀವೇ ಹೇಳಿದ್ರಲ್ಲ ಅತ್ತಿಗೆ. ಇನ್ನೇನಿದೆ ಇಲ್ಲಿ?"

"ಮನೆಗೆ ಹೋದ್ರೆ ಅವನು ಬರಲ್ಲ ಅನ್ನೋದು ನಿಜ ಆಗ್ಬಿಡುತ್ತೆ ಇಸ್ಕೊ. ಸಂಜೆವರೆಗೆ ಬಿಡು ನನ್ನ."

ಅವಳು ಬೀಗವನ್ನೇ ನೋಡುತ್ತ, ಎಲ್ಲರಿಗಿಂತ ಗಟ್ಟಿಯಾಗಿ ಹಾಡಲು ಶುರುಮಾಡಿದಳು.