ಹೆಡ್‌ಮಿಸ್ಸು ಹಗ್ಗ ಬಿಚ್ಚಿದ ದಿನ

ಗೆಳತಿಯರು ಬರುವ ದಿನ ಟೈಲರಮ್ಮ ಬೆಳಕು ಹರಿಯುವ ಮೊದಲೇ ಎದ್ದು ದೋಣಿಯ ಡೆಕ್ಕನ್ನು ಎರಡು ಸಲ ತೊಳೆದಳು. ಮೊದಲ ಸಲ ಕೊಳೆ ಹೋಗಲೆಂದು, ಎರಡನೆಯ ಸಲ ಕೈ ಸುಮ್ಮನಿರಲಾರದೆ.

"ಇನ್ನೂ ಉಜ್ಜಿದ್ರೆ ಹಲಗೆ ಸವೆದು ತೂತು ಬೀಳುತ್ತೆ. ಆಮೇಲೆ ಬಂದೋರೆಲ್ಲ ಈಜಿಕೊಂಡೇ ಊಟ ಮಾಡ್ಬೇಕು" ಎಂದ ಗಂಡ, ಕೆಳಗಿನ ಕೋಣೆಯಿಂದ ಚಹಾದ ಲೋಟದ ಸಮೇತ ತಲೆ ಹೊರಹಾಕಿ.

"ಸುಮ್ನಿರಿ ನೀವು. ಆ ಹೆಡ್‌ಮಿಸ್ಸು ಧೂಳು ಹುಡುಕೋಕೆ ಅಂತಾನೇ ಬೆರಳು ಇಟ್ಕೊಂಡಿದಾಳೆ."

ಗಂಡ ಬಂದರಿನ ರಿಪೇರಿ ಶೆಡ್ಡಿನಲ್ಲಿ ದೋಣಿಗಳ ಎಂಜಿನ್ ಬಿಚ್ಚಿ ಜೋಡಿಸುವ ಮೆಕ್ಯಾನಿಕ್. ಯಾರೋ ಕೈಬಿಟ್ಟು ಹೋಗಿದ್ದ ಈ ಹಾಯಿದೋಣಿಯನ್ನು ಅವನು ರಜೆಯ ದಿನಗಳಲ್ಲೆಲ್ಲ ಕೂತು ಹಲಗೆ ಹಲಗೆಯಾಗಿ ಬದುಕಿಸಿದ್ದ. ಮಗಳ ಮದುವೆಯಾಯಿತು, ಟೈಲರಮ್ಮನ ಅಂಗಡಿಯಿದ್ದ ಹಳೇ ಕಟ್ಟಡವನ್ನು ಕೆಡವಿದರು. ಒಂದು ಸಂಜೆ ಇಬ್ಬರೂ ಈ ಡೆಕ್ಕಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾಗ ಅವಳೇ ಕೇಳಿದ್ದಳು, "ಇಲ್ಲೇ ಇದ್ದುಬಿಟ್ರೆ ಏನಾಗುತ್ತೆ?" ಏನೂ ಆಗಲಿಲ್ಲ. ಮನೆಯ ಸಾಮಾನಿನಲ್ಲಿ ಹಿಡಿಸಿದಷ್ಟನ್ನು ದೋಣಿಗೆ ತಂದರು, ಉಳಿದದ್ದನ್ನು ಮಗಳ ಮನೆಗೆ ಸಾಗಿಸಿದರು. ನೆಂಟರು ಮಾತ್ರ ಬಾಯಿಗೆ ಬಂದಂತೆ ಆಡಿದರು. ನಾದಿನಿಯಂತೂ ಕಣ್ಣಲ್ಲಿ ನೀರು ತಂದುಕೊಂಡು, "ನಿಂತ ನೆಲ ಬಿಟ್ಟು ನೀರಿಗೆ ಬಿದ್ರಲ್ಲ ಅತ್ತಿಗೆ" ಎಂದಳು. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಬೆಳೆದ ಹೆಡ್‌ಮಿಸ್ಸು ಫೋನಿನಲ್ಲಿ ಬಿದ್ದು ಬಿದ್ದು ನಕ್ಕಿದ್ದಳು. "ಸಂಸಾರ ಸಾಗರ ಅಂತಾರೆ ನಿಜ. ಅದನ್ನ ಇಷ್ಟು ಸೀರಿಯಸ್ಸಾಗಿ ತಗೋತಾರೇನೇ?"

ಅದೇ ಹೆಡ್‌ಮಿಸ್ಸು, ಜೊತೆಗೆ ಅದೇ ಬೆಂಚಿನ ಮೂರನೆಯವಳಾದ ನರ್ಸಮ್ಮ, ಈ ದಿನ ಬರುವವರಿದ್ದರು. ಟೈಲರಮ್ಮನಿಗೆ ತೋರಿಸಬೇಕಾದದ್ದು ಎಷ್ಟಿತ್ತು. ನಿಂತ ಕಡೆಯಿಂದಲೇ ಒಲೆ, ಪಾತ್ರೆ, ಉಪ್ಪಿನ ಡಬ್ಬಿ ಎಲ್ಲವೂ ಕೈಗೆಟುಕುವ ಅಡಿಗೆಮನೆ. ದೋಣಿ ಅಲುಗಿದರೂ ಬೀಳದಂತೆ ಅಂಚು ಕಟ್ಟಿದ ಶೆಲ್ಫು. ಹಾಸಿಗೆಯ ಪಕ್ಕದ ದುಂಡು ಕಿಟಕಿ, ಅದರಾಚೆ ಮೂಗಿನ ಮಟ್ಟಕ್ಕೇ ನೀರು. ಹಲಗೆಗೆ ಬೋಲ್ಟು ಹಾಕಿ ಕೂರಿಸಿದ ಹೊಲಿಗೆ ಮಷೀನು. ಎಲ್ಲಕ್ಕಿಂತ ಹೆಚ್ಚಾಗಿ ಹಾಯಿ. ಬಲೆ ನೇಯುವವರ ಶೆಡ್ಡಿನಲ್ಲಿ ನೆಲದುದ್ದಕ್ಕೂ ಬಟ್ಟೆ ಹರಡಿ, ಅದರ ಮೇಲೆ ಅಂಬೆಗಾಲಿಟ್ಟು, ಒಂದೊಂದು ಹೊಲಿಗೆಯನ್ನೂ ತಾನೇ ಹಾಕಿದ್ದ ಹಾಯಿ ಅದು.

ಆ ಹಾಯಿ ಏರಿಸಿ ಗಂಡ ಹೆಂಡತಿ ಬಂದರಿನೊಳಗೆ ಕೆಲವು ಸಲ ಸುತ್ತಿದ್ದರು. ಅವನು ಚೆನ್ನಾಗಿಯೇ ಕಲಿಸುತ್ತಿದ್ದ. ಆದರೆ ಗಾಳಿ ಸ್ವಲ್ಪ ಜೋರಾಯಿತೋ, "ಬಿಡು ಬಿಡು, ನಾನು ನೋಡ್ಕೋತೀನಿ" ಎಂದು ಚುಕ್ಕಾಣಿ ಕಿತ್ತುಕೊಳ್ಳುತ್ತಿದ್ದ. ಹಾಗಾಗಿ ಅವಳಿಗೆ ದೋಣಿ ಓಡಿಸಲು ಬರುತ್ತದೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

ಗೆಳತಿಯರು ಬಂದರು. ದೋಣಿಯನ್ನು ದಡಕ್ಕೆ ಕಟ್ಟಿರಲಿಲ್ಲ. ಬಂದರಿನ ನಡುವೆ ನೀರಲ್ಲಿ ತೇಲುವ ಕಿತ್ತಳೆ ಬಣ್ಣದ ಒಂದು ಪೀಪಾಯಿ, ಅದರ ಉಂಗುರಕ್ಕೆ ದೋಣಿ. ದಡದಿಂದ ಅಲ್ಲಿಗೆ ಹುಟ್ಟು ಹಾಕುವ ಚಿಕ್ಕ ದೋಣಿಯಲ್ಲೇ ಹೋಗಬೇಕು. ನರ್ಸಮ್ಮ ತನ್ನ ಭಾರಿ ಶರೀರವನ್ನು ಅದರೊಳಗೆ ಇಳಿಸಿದ ರಭಸಕ್ಕೆ ಆ ಕಡೆ ಕೂತಿದ್ದ ಹೆಡ್‌ಮಿಸ್ಸು ಮೇಲೆದ್ದಳು. ಎದ್ದವಳ ಇಸ್ತ್ರಿ ಸೀರೆಗೆ ಅಲೆಯೊಂದು ಸೊಂಟದವರೆಗೆ ನೀರೆರಚಿತು.

"ಭಾವ, ಇದನ್ನ ಮೊದಲೇ ಹೇಳಿದ್ರೆ ಸ್ನಾನ ಮಾಡದೇ ಬರ್ತಿದ್ದೆ" ಎಂದಳು ಹೆಡ್‌ಮಿಸ್ಸು, ಹುಟ್ಟು ಹಿಡಿದಿದ್ದ ಟೈಲರಮ್ಮನ ಗಂಡನಿಗೆ, ಮುಖ ಗಂಟಿಕ್ಕಿ. ನರ್ಸಮ್ಮ ನಕ್ಕ ನಗುವಿಗೆ ಚಿಕ್ಕ ದೋಣಿ ಇನ್ನಷ್ಟು ಕುಣಿಯಿತು.

ಮೇಲೆ ಹತ್ತಿದ ಮೇಲೆ ಮೂವರಿಗೂ ಮತ್ತೆ ಹದಿನಾಲ್ಕರ ವಯಸ್ಸು. ಅಡಿಗೆಮನೆ ನೋಡಿ ನರ್ಸಮ್ಮ, "ಇಲ್ಲಿ ನಾನು ನಿಂತ್ರೆ ಅನ್ನ ಬೇಯೋಕೆ ಜಾಗ ಇರಲ್ಲ" ಎಂದಳು. ಹೆಡ್‌ಮಿಸ್ಸು ಶೆಲ್ಫಿನ ಮೇಲೆ ಬೆರಳಾಡಿಸಿದಳು, ಬೆರಳು ನೋಡಿದಳು, ಒರೆಸಿಕೊಳ್ಳದೆ ಕೈ ಇಳಿಸಿದಳು. ಟೈಲರಮ್ಮನಿಗೆ ಅದೇ ಮೊದಲ ಬಹುಮಾನ. ದುಂಡು ಕಿಟಕಿಯ ಮುಂದೆ ಮಾತ್ರ ಹೆಡ್‌ಮಿಸ್ಸು ಬಹಳ ಹೊತ್ತು ನಿಂತಳು. ಹೊರಗೆ ಬೆಳ್ಳಿಯಂಥ ಮೀನುಗಳ ಗುಂಪೊಂದು ಒಮ್ಮೆಲೇ ಮಗ್ಗುಲು ಬದಲಿಸಿತು.

"ದಿನಾ ಬೆಳಿಗ್ಗೆ ಇದನ್ನ ನೋಡ್ತೀಯಾ?" ಎಂದು ಮೆಲ್ಲಗೆ ಕೇಳಿದಳು.

"ಹಾಸಿಗೆಯಿಂದ ಏಳದೇ ನೋಡ್ತೀನಿ."

ಅನ್ನ, ಹುರಿದ ಮೀನು, ಸೌತೆಕಾಯಿ ಎಲ್ಲ ಡೆಕ್ಕಿನ ಮೇಲೆ ನೆರಳಿಗೆ ಕಟ್ಟಿದ ಬಟ್ಟೆಯಡಿ ಖಾಲಿಯಾಯಿತು. ಬಿಸಿಲು ಹಲಗೆ ಕಾಯಿಸುತ್ತಿತ್ತು. "ಶರಬತ್ತಿಗೆ ಐಸ್ ತರ್ತೀನಿ" ಎಂದು ಗಂಡ ಚಿಕ್ಕ ದೋಣಿ ಹತ್ತಿ ದಡದ ಕಡೆ ಹುಟ್ಟು ಹಾಕಿದ.

ಅವನು ಹೋದದ್ದೇ ತಡ, ಹೆಡ್‌ಮಿಸ್ಸು ತನ್ನ ಉಪ್ಪುನೀರಿನ ಸೀರೆಯನ್ನು ಒಂದು ಬಕೆಟ್ ಸಿಹಿನೀರಿನಲ್ಲಿ ಜಾಲಿಸಿ ಹಿಂಡಿದಳು. ಮೈಮೇಲೆ ಟೈಲರಮ್ಮನ ಹಳೇ ಗೌನು. ಒಣಹಾಕಲು ಹಗ್ಗ ಬೇಕು. ಟೈಲರಮ್ಮ ಮತ್ತು ನರ್ಸಮ್ಮ ಕೆಳಗೆ ಪಾತ್ರೆ ತೊಳೆಯುತ್ತ ಹಳೇ ಡ್ರಾಯಿಂಗ್ ಮೇಷ್ಟ್ರ ನಡಿಗೆಯನ್ನು ಅಣಕಿಸಿ ನಗುತ್ತಿದ್ದರು. ಅವರನ್ನು ಕೇಳುವುದೇಕೆ ಎಂದು ಹೆಡ್‌ಮಿಸ್ಸು ತಾನೇ ಹುಡುಕಿದಳು. ದೋಣಿಯ ಮೂತಿಯ ಹತ್ತಿರ ಒಳ್ಳೇ ಗಟ್ಟಿ ಹಗ್ಗವೊಂದು ಕಬ್ಬಿಣದ ಕೊಂಬಿಗೆ ಸುತ್ತಿ, ಮಿಕ್ಕದ್ದು ರಾಶಿ ಬಿದ್ದಿತ್ತು. ಇಷ್ಟು ಒಳ್ಳೇ ಹಗ್ಗವನ್ನು ಹೀಗಾ ಬಿಸಾಡುವುದು ಎಂದುಕೊಂಡು ಕೊಂಬಿನಿಂದ ಬಿಚ್ಚಿದಳು. ರಾಶಿಯನ್ನು ಎಳೆದುಕೊಂಡು ಹೋಗಿ ಅಲ್ಲಿಂದಿಲ್ಲಿಗೆ ಕಟ್ಟಿದಳು, ಸೀರೆ ಹರವಿದಳು. ಕೈ ಕೊಡವಿ ನೆರಳಿಗೆ ಬಂದು ಕೂತಳು.

ಆ ಹಗ್ಗ ಕೊಂಬಿನಿಂದ ಹೊರಟು ಪೀಪಾಯಿಯ ಉಂಗುರದೊಳಗೆ ನುಸುಳಿ ತಿರುಗಿ ಅದೇ ಕೊಂಬಿಗೆ ಬರುವಂಥದ್ದು. ಒಂದು ತುದಿ ಬಿಚ್ಚಿದರೆ ಸಾಕು, ತಾನಾಗಿ ಜಾರಿಕೊಳ್ಳುತ್ತದೆ. ಸೀರೆ ಕಟ್ಟಿದ್ದು ಇನ್ನೊಂದು ತುದಿಯ ಮಿಕ್ಕ ಭಾಗಕ್ಕೆ. ಬಿಚ್ಚಿದ ತುದಿ ಸದ್ದಿಲ್ಲದೆ ನೀರಿಗಿಳಿದು, ಉಂಗುರ ದಾಟಿ, ದೋಣಿಯ ಹಿಂದೆ ಬಾಲದಂತೆ ತೇಲತೊಡಗಿತು. ಅಷ್ಟರಲ್ಲಿ ಮಧ್ಯಾಹ್ನದ ಸಮುದ್ರದ ಗಾಳಿಯೂ ಎದ್ದಿತು.

ಮೂವರೂ ಮತ್ತೆ ನೆರಳಿನಲ್ಲಿ ಕೂತು ಮಾತಿಗೆ ಇಳಿದರು. ಮಾತಿನ ನಡುವೆ ನರ್ಸಮ್ಮ ಕಣ್ಣು ಕಿರಿದು ಮಾಡಿ ದಡದ ಕಡೆ ನೋಡಿದಳು.

"ಆ ಹಳದಿ ಗೋದಾಮು ಆಗ್ಲೂ ಅಷ್ಟು ದೊಡ್ಡದಿತ್ತೇನೇ?"

ಟೈಲರಮ್ಮ ತಿರುಗಿ ನೋಡಿದಳು. ಗೋದಾಮು ದೊಡ್ಡದಾಗಿತ್ತು. ಅದರ ಬುಡದ ಕಲ್ಲುಗೋಡೆ, ಗೋಡೆಗಂಟಿದ ಪಾಚಿ, ಪಾಚಿಯ ಮೇಲಿನ ಏಡಿ ಕೂಡ ಕಾಣುವಂತಿತ್ತು. ಕಿತ್ತಳೆ ಪೀಪಾಯಿ ಮಾತ್ರ ಎಲ್ಲೋ ದೂರದಲ್ಲಿ ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು. ಅವಳು ಸೀರೆ ಒಣಗುತ್ತಿದ್ದ ಹಗ್ಗ ನೋಡಿದಳು, ಹೆಡ್‌ಮಿಸ್ಸಿನ ಮುಖ ನೋಡಿದಳು.

"ಎಂಜಿನ್ ಹಾಕೇ" ಎಂದಳು ನರ್ಸಮ್ಮ.

"ಬೀಗದ ಕೈ ಅವರ ಜೇಬಲ್ಲಿದೆ."

"ಲಂಗರು?"

"ನೀವು ಬರ್ತೀರಿ ಅಂತ ಬಣ್ಣ ಹೊಡೆಯೋಕೆ ಶೆಡ್ಡಿಗೆ ತಗೊಂಡು ಹೋಗಿದಾರೆ."

ದೂರದ ಜೆಟ್ಟಿಯ ಮೇಲೆ ಐಸಿನ ಗಡ್ಡೆ ಹೆಗಲ ಮೇಲಿಟ್ಟುಕೊಂಡು ಗಂಡ ನಿಂತಿರುವುದು ಅವಳಿಗೆ ಕಂಡಿತು. ಅವನು ಬಾಯಿ ತೆರೆದು ಏನೋ ಕೂಗುತ್ತಿದ್ದ. ಗಾಳಿ ಅವನ ಮಾತನ್ನು ಅವನ ಬಾಯಿಗೇ ತುರುಕುತ್ತಿತ್ತು. ಆಮೇಲೆ, ಗಡಿಬಿಡಿಯ ದಿನ ಅಂಗಡಿಯಲ್ಲಿ ಗಿರಾಕಿಗಳು ಮುತ್ತಿಕೊಂಡಾಗ ಆಗುತ್ತಿದ್ದಂತೆ, ಟೈಲರಮ್ಮನ ತಲೆಯೊಳಗೆ ಎಲ್ಲವೂ ತಣ್ಣಗಾಯಿತು.

"ನರ್ಸು, ಆ ಕಂಬದ ಹಗ್ಗ ಹಿಡಿ. ಹಾಯಿ ಮೇಲಕ್ಕೆ ಹೋಗಬೇಕು, ಜೀವ ಬಿಟ್ಟು ಎಳಿ. ಹೆಡ್‌ಮಿಸ್ಸು, ನೀನು ಈ ಹಗ್ಗ. ನಾನು ಹೇಳಿದಾಗ ಎಳಿ, ಹೇಳಿದಾಗ ಬಿಡು. ನಿನ್ನ ಬುದ್ಧಿ ಉಪಯೋಗಿಸಬೇಡ."

ಹೆಡ್‌ಮಿಸ್ಸಿಗೆ ಜೀವಮಾನದಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ಅವಳು ಹಗ್ಗ ಹಿಡಿದಳು. ನರ್ಸಮ್ಮ ಕಾಲು ಊರಿ, ಹೆರಿಗೆ ಕೋಣೆಯಲ್ಲಿ ಬೇರೆಯವರಿಗೆ ಹೇಳುತ್ತಿದ್ದದ್ದನ್ನೆಲ್ಲ ಈಗ ತನಗೇ ಹೇಳಿಕೊಂಡು ಎಳೆದಳು. "ಇನ್ನೊಂಚೂರು, ಇನ್ನೊಂಚೂರು, ಬಂತು, ಆಯ್ತು, ಇನ್ನೊಂದೇ ಸಲ." ಹಾಯಿ ಪಟಪಟ ಹೊಡೆದುಕೊಳ್ಳುತ್ತ ಕಂಬವೇರಿತು. ಟೈಲರಮ್ಮ ಚುಕ್ಕಾಣಿಗೆ ಮೈಕೊಟ್ಟು, "ಎಳಿ" ಎಂದಳು. ಹೆಡ್‌ಮಿಸ್ಸು ಎಳೆದಳು. ಬಟ್ಟೆ ಗಾಳಿ ತುಂಬಿಕೊಂಡು ಒಮ್ಮೆಲೇ ಸುಮ್ಮನಾಯಿತು. ದೋಣಿ ಒಂದು ಮಗ್ಗುಲಿಗೆ ವಾಲಿ, ಕಲ್ಲುಗೋಡೆಯ ಪಕ್ಕದಲ್ಲೇ, ಕೈ ಚಾಚಿದರೆ ಪಾಚಿ ಸಿಗುವಷ್ಟು ಹತ್ತಿರದಲ್ಲಿ ಮುಂದಕ್ಕೆ ಹರಿಯಿತು. ಗೋಡೆಯ ಮೇಲೆ ಕೂತು ಗಾಳ ಹಾಕುತ್ತಿದ್ದ ಮುದುಕನೊಬ್ಬ ಶಾಂತವಾಗಿ ತನ್ನ ಕಾಲು ಮೇಲೆತ್ತಿಕೊಂಡ.

ಗೋಡೆ ದೂರವಾಯಿತು. ಮೊದಲು ಮೊಳದಷ್ಟು, ಆಮೇಲೆ ಮಾರಿನಷ್ಟು, ಆಮೇಲೆ ಬೀದಿಯ ಅಗಲದಷ್ಟು ನೀರು.

"ಬದುಕಿದ್ವಾ?" ಎಂದು ಕೇಳಿದಳು ನರ್ಸಮ್ಮ.

"ಸದ್ಯಕ್ಕೆ. ಈಗ ತಿರುಗಿಸ್ತೀನಿ. ಹಾಯಿ ಕೆಳಗಿನ ಆ ಅಡ್ಡದಂಡ ಈ ಕಡೆ ಬೀಸಿ ಬರುತ್ತೆ, ತಲೆ ಬಗ್ಗಿಸಿ."

ಯಾವ ಇನ್ಸ್‌ಪೆಕ್ಟರಿಗೂ ತಲೆ ಬಗ್ಗಿಸದ ಹೆಡ್‌ಮಿಸ್ಸು ಡೆಕ್ಕಿಗೆ ಹಣೆ ತಾಗುವಂತೆ ಬಗ್ಗಿದಳು. ದಂಡ ಅವಳ ಮುಡಿಯ ಮೇಲೆ ಹಾದು ಆಚೆ ಹೋಯಿತು. ಅವಳು ಎದ್ದಾಗ ಮುಖ ಕೆಂಪಗಾಗಿತ್ತು, ಕಣ್ಣು ಹೊಳೆಯುತ್ತಿದ್ದವು. "ಮತ್ತೆ ಎಳೀಲಾ?" ಎಂದು ಕೇಳಿದಳು, ತಾನೇ.

ಮೊದಲೆರಡು ತಿರುವುಗಳಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನರ್ಸಮ್ಮ ಎಳೆಯಬಾರದ್ದನ್ನು ಎಳೆದಳು. ಹೆಡ್‌ಮಿಸ್ಸು ಬಿಡಬೇಕಾದದ್ದಕ್ಕೆ ಜೋತುಬಿದ್ದಳು. ಮೂರನೆಯದರಲ್ಲಿ ಹದ ಸಿಕ್ಕಿತು. ಟೈಲರಮ್ಮನಿಗೆ ಅಂಗೈಯಲ್ಲಿ ಚುಕ್ಕಾಣಿಯ ನಡುಕ ತಿಳಿಯತೊಡಗಿತು. ಹಾಯಿಯ ಅಂಚು ಎಲ್ಲಿ ನೆರಿಗೆ ಬೀಳುತ್ತದೆ, ಎಲ್ಲಿ ಬಿಗಿಯುತ್ತದೆ ಎಂಬುದು ನೋಡದೆಯೇ ಗೊತ್ತಾಗುತ್ತಿತ್ತು. ಎಷ್ಟಾದರೂ ಅವಳ ಕೈಯ ಬಟ್ಟೆ ಅದು.

ಗಂಡ ಐಸನ್ನು ಜೆಟ್ಟಿಯ ಮೇಲೆಯೇ ಎಸೆದು, ಚಿಕ್ಕ ದೋಣಿಯಲ್ಲಿ ಬೆವರು ಸುರಿಸುತ್ತ ಹುಟ್ಟು ಹಾಕಿಕೊಂಡು ಬರುತ್ತಿದ್ದ. ಕೂಗಳತೆಗೆ ಬಂದವನೇ ಎದ್ದು ನಿಂತು ಶುರುಮಾಡಿದ. "ಎಡಕ್ಕೆ ತಗೋ, ಇಲ್ಲ, ಬಲಕ್ಕೆ, ಅಯ್ಯೋ ಬಿಡು ಬಿಡು, ನಾನು ಬಂದು—"

ಹೆಡ್‌ಮಿಸ್ಸು ಎದ್ದು ನಿಂತು, ಪ್ರಾರ್ಥನೆಯ ಮೈದಾನದ ಕೊನೆಯ ಸಾಲಿಗೂ ಕೇಳಿಸುತ್ತಿದ್ದ ಆ ದನಿಯಲ್ಲಿ ಹೇಳಿದಳು. "ಭಾವ, ಕೂತ್ಕೊಳ್ಳಿ. ಕ್ಲಾಸು ನಡೀತಿದೆ."

ಮೆಕ್ಯಾನಿಕ್ ಕೂತ.

ಪೀಪಾಯಿಯನ್ನು ಹಿಡಿಯುವುದು ಬೇರೆಯದೇ ಕಷ್ಟ. ಗಾಳಿಗೆದುರಾಗಿ ತಿರುಗಿ, ವೇಗವೆಲ್ಲ ಕಳೆದು, ಸರಿಯಾಗಿ ಅದರ ಮಗ್ಗುಲಲ್ಲೇ ದೋಣಿ ನಿಲ್ಲಬೇಕು. ಮೊದಲ ಸಲ ದೋಣಿ ಜೋರಾಗಿ ಬಂದುಬಿಟ್ಟಿತು. ಕೊಕ್ಕೆಕೋಲು ಹಿಡಿದು ಬೋರಲಾಗಿ ಮಲಗಿದ್ದ ನರ್ಸಮ್ಮ "ಬಂತು, ಬಂತು, ಹೋಯ್ತು" ಎಂದಳು. ಬಂದರಿನ ಮೀನುದೋಣಿಗಳ ಮೇಲೆಲ್ಲ ಜನ ಎದ್ದು ನಿಂತಿದ್ದರು. ಯಾರೋ ಸಿಳ್ಳೆ ಹಾಕಿದರು. ಟೈಲರಮ್ಮನಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅವಳು ದೊಡ್ಡ ಸುತ್ತು ಹಾಕಿದಳು, ಬೇಕಾದದ್ದಕ್ಕಿಂತ ದೊಡ್ಡದು. ಮೈಮೇಲೆ ನೀರಿನ ಹನಿ ಸಿಡಿಯುತ್ತಿತ್ತು, ಹಗ್ಗಕ್ಕೆ ಕಟ್ಟಿದ್ದ ಸೀರೆ ಬಾವುಟದಂತೆ ಬಡಿದುಕೊಳ್ಳುತ್ತಿತ್ತು. ಮದುವೆಗೆ ಮುಂಚೆ ಇಳಿಜಾರಿನಲ್ಲಿ ಸೈಕಲ್ಲಿನ ಬ್ರೇಕು ಬಿಟ್ಟಾಗಿನಿಂದ ಇಷ್ಟು ಸುಖ ಅವಳಿಗೆ ಸಿಕ್ಕಿರಲಿಲ್ಲ.

ಎರಡನೆಯ ಸಲ ದೋಣಿ ಮೆತ್ತಗೆ ಬಂತು, ಇನ್ನೂ ಮೆತ್ತಗಾಯಿತು, ನಿಂತಿತು. ನರ್ಸಮ್ಮನ ಕೊಕ್ಕೆ ಉಂಗುರಕ್ಕೆ ಸಿಕ್ಕಿತು. ಹೆಡ್‌ಮಿಸ್ಸು ಸೀರೆಯನ್ನು ಕಿತ್ತೆಸೆದು ಹಗ್ಗ ತಂದಳು, ಉಂಗುರದೊಳಗೆ ತೂರಿಸಿದಳು, ಕೊಂಬಿಗೆ ಸುತ್ತಿದಳು, ಬಿಗಿದಳು, ಬಿಗಿದದ್ದನ್ನು ಮತ್ತೆ ಬಿಗಿದಳು.

ಗಂಡ ಮೇಲೆ ಹತ್ತಿ ಬಂದಾಗ ಮೂವರೂ ಡೆಕ್ಕಿನ ಮೇಲೆ ಅಂಗಾತ ಬಿದ್ದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹೆಡ್‌ಮಿಸ್ಸು ಮೊದಲು ಎದ್ದು ಕೂತಳು. "ಭಾವ, ತಪ್ಪು ನಂದು. ಹಗ್ಗ ಬಿಚ್ಚಿದ್ದು ನಾನು."

"ನಂದೂ ಇದೆ. ಬೀಗದ ಕೈ ಜೇಬಲ್ಲಿ, ಲಂಗರು ಶೆಡ್ಡಲ್ಲಿ. ಹೀಗೂ ದೋಣಿ ಬಿಟ್ಟು ಹೋಗ್ತಾರಾ" ಎಂದ ಅವನು. ಆಮೇಲೆ ಹೆಂಡತಿಯ ಪಕ್ಕ ಕೂತು ಹಾಯಿಯನ್ನೇ ನೋಡಿದ. ಅದರಿಂದ ಕಣ್ಣು ತೆಗೆಯದೆ ಕೇಳಿದ, "ಕೊನೇಲಿ ಅಷ್ಟು ಮೆತ್ತಗೆ ಹೇಗೆ ನಿಲ್ಲಿಸಿದೆ? ನಾನೇ ಎಷ್ಟೋ ಸಲ ಪೀಪಾಯಿಗೆ ಗುದ್ದಿದೀನಿ."

"ಗೊತ್ತಿಲ್ಲ ರೀ. ಬಟ್ಟೆ ಸಡಿಲ ಆಗೋದು ಕೈಗೆ ಗೊತ್ತಾಯ್ತು."

ಅವನು ತಲೆಯಾಡಿಸಿದ. ಶೆಡ್ಡಿನಲ್ಲಿ ಇನ್ನೊಬ್ಬ ಮೆಕ್ಯಾನಿಕ್ ಹೇಳಿದ ಮಾತಿಗೆ ಆಡಿಸುವಂತೆಯೇ.

ಗೆಳತಿಯರು ಮರುದಿನ ಬೆಳಗಿನ ಬಸ್ಸಿಗೆ ಹೊರಡಬೇಕಿತ್ತು. ಬಸ್ಸು ಅದರ ಪಾಡಿಗೆ ಹೋಯಿತು. ಆ ಹೊತ್ತಿಗೆ ದೋಣಿ ಬಂದರಿನ ಬಾಯಿ ದಾಟುತ್ತಿತ್ತು. ಚುಕ್ಕಾಣಿಯಲ್ಲಿ ಟೈಲರಮ್ಮ, ಹಗ್ಗಗಳಲ್ಲಿ ಗೆಳತಿಯರು. ಮೆಕ್ಯಾನಿಕ್ ಮೂತಿಯ ಹತ್ತಿರ ಕಾಲು ಚಾಚಿ, ಕೈಗಳನ್ನು ತೊಡೆಯಡಿ ಒತ್ತಿಟ್ಟುಕೊಂಡು ಕೂತಿದ್ದ. ಇಲ್ಲದಿದ್ದರೆ ಅವು ಸುಮ್ಮನಿರುತ್ತಿರಲಿಲ್ಲ. ಅಲೆತಡೆಯ ಕೊನೆಯ ಬಂಡೆ ಹಿಂದಾಯಿತು. ಹೊರಸಮುದ್ರದ ಮೊದಲ ದೊಡ್ಡ ಅಲೆ ದೋಣಿಯನ್ನು ಅಡಿಯಿಂದ ಎತ್ತಿ, ಒಂದು ಗಳಿಗೆ ಮೇಲೆಯೇ ಇಟ್ಟುಕೊಂಡು, ಕೆಳಗಿಳಿಸಿತು. ನರ್ಸಮ್ಮ ದೇವರನ್ನು ನೆನೆದಳು. ಹೆಡ್‌ಮಿಸ್ಸು ಕಂಬ ತಬ್ಬಿಕೊಂಡು ಮುಂದೆ ಬೆರಳು ತೋರಿಸಿದಳು.

"ಅಲ್ಲಿ ಬೆಳ್ಳಗೆ ಕಾಣ್ತಿದೆಯಲ್ಲ, ಅದೇನೇ?"

"ದ್ವೀಪ ಅಂತಾರೆ. ನಾನೂ ಹೋಗಿಲ್ಲ" ಎಂದಳು ಟೈಲರಮ್ಮ. "ನೀನು ಹಗ್ಗ ಸ್ವಲ್ಪ ಬಿಗಿ ಮಾಡು, ಊಟದ ಹೊತ್ತಿಗೆ ನೋಡೇಬಿಡೋಣ."