ಕಾಲಿಗೆ ನೀರು

"ಹೆಗಲ ಮ್ಯಾಲ ಒಯ್ಯೋದು ಬ್ಯಾಡ್ರಿ, ಸಾಹೇಬರು ಲಾರಿ ಕಳಸ್ಯಾರ," ಎಂದು ಮೈದುನ ದೇವಾನಂದ ಹೇಳಿದಾಗ ಅಂಬಾಬಾಯಿ ಸತ್ತ ಗಂಡ ಹುಲಿಗೆಪ್ಪನ ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ಕೈ ಅಲ್ಲೇ ನಿಂತಿತು.

"ಯಾವ ಸಾಹೇಬರು?"

"ಪ್ರಣವ ಸಾಹೇಬರು, ವೈನಿ. ಸ್ಮಶಾನ ದೂರ ಅದ, ಮಂದಿ ಭಾಳ ಅದಾರ."

ಮರಾಠಿ ಸೀಮೆಯ ವಾಕಡದ ಆ ತಗಡಿನ ಶೆಡ್ಡುಗಳ ಮುಂದೆ ನಿಜಕ್ಕೂ ಮಂದಿ ಕಿಕ್ಕಿರಿದಿದ್ದರು. ಎಲ್ಲರೂ ಹುಲಿಗೆಪ್ಪನ ಮಾತಿಗೆ ಕೆಲಸ ಬಿಟ್ಟು ಕುಳಿತ ಯಾದಗಿರಿ, ರಾಯಚೂರು ಕಡೆಯ ಗೌಂಡಿಗಳು, ಕೂಲಿಗಳು. ಎದುರಿನ ಕಟ್ಟಡದಲ್ಲಿ ಕಾಂಕ್ರೀಟ್ ಮಷಿನ್ ನಿಂತೇ ಇತ್ತು. ನಿನ್ನೆ ನಸುಕಿನಲ್ಲಿ ಯಾರೋ ಫೋನ್ ಮಾಡಿ ಮಾತುಕತೆಗೆ ಕರೆದರೆಂದು ಹುಲಿಗೆಪ್ಪ ಆ ಕಟ್ಟಡದ ಗೇಟಿನೊಳಗೆ ಹೋಗಿದ್ದ. ಹಿಂದಕ್ಕೆ ಬರುತ್ತಿದ್ದ ಟಿಪ್ಪರ್ ಅವನಿಗೆ ಕಾಣಲಿಲ್ಲವಂತೆ. ಟಿಪ್ಪರುಗಳ ನಡುವೆಯೇ ಕೂದಲು ಬೆಳ್ಳಗಾದವನಿಗೆ! ಯಾರ ಕಿವಿಯ ಮೇಲೆ ಹೂ ಇಡುತ್ತಾರೆ?

*

ಚುನಾವಣೆಯಿಲ್ಲದೆ ಪಕ್ಷವೇ ಪಾಲಿಕೆಗೆ ನೇಮಿಸುವ ಸದಸ್ಯನ ಕುರ್ಚಿಯ ಮೇಲೆ ಹುಲಿಗೆಪ್ಪನಿಗೆ ಆಸೆಯಿತ್ತು, ಸುಳ್ಳೇಕೆ. ಪಕ್ಷದ ಪ್ರಣವ ಸಾಹೇಬರ ಮನೆಗೆ ಅಲೆದು ಚಪ್ಪಲಿ ಸವೆಸಿದ್ದ. ಬಿಳಿ ಅಂಗಿಯನ್ನೂ ಹೊಲಿಸಿದ್ದ.

"ಇನ್ನ ನಾ ಮೇಡಮ್ ಆಗಾಕಿ. ನಳಕ್ಕ ನೀರಿಗಿ ನೀವ ಹೋಗ್ರಿ," ಎಂದು ಅಂಬಾಬಾಯಿ ಕಾಡಿಸಿದ್ದಳು.

ಅಷ್ಟರಲ್ಲಿ ಶಿವಪ್ಪನೆಂಬ ಗೌಂಡಿ ಆ ಎದುರಿನ ಕಟ್ಟಡದ ಮೇಲಿನ ಮಹಡಿಯಿಂದ ಬಿದ್ದು ಸತ್ತ. ಕೆಳಗೆ ಬೀಳುವವರನ್ನು ಹಿಡಿಯುವ ಜಾಳಿಗೆ ಕಟ್ಟಿರಲಿಲ್ಲ. ಹುಲಿಗೆಪ್ಪ ಕೆಲಸ ನಿಲ್ಲಿಸಿದ. ಶುರುಮಾಡಿಸಿದರೆ ಕುರ್ಚಿ ನಿನ್ನದೇ ಎಂದು ಆ ಕಟ್ಟಡದಲ್ಲಿ ಪಾಲಿದ್ದ ಸಾಹೇಬರು ಹೇಳಿಕಳಿಸಿದರು. ಅವನು ಸಂಜೆಯೆಲ್ಲ ಆ ಅಂಗಿಯನ್ನೇ ನೋಡುತ್ತ ಕುಳಿತಿದ್ದ.

"ಮೊದಲ ಜಾಳಿಗಿ ಕಟ್ಟಲಿ. ಹಂಗ ಕುರ್ಚಿ ಮ್ಯಾಲ ಕುಂತು ಯಾರ ಮಾರಿ ನೋಡ್ಲಿ ನಾ?"

ಅಂಬಾಬಾಯಿಗೆ ಹೆಮ್ಮೆಯಾಯಿತು. ಭಯವೂ ಆಯಿತು.

*

ಸಾಹೇಬರು ಬಂದು ಹೆಣಕ್ಕೆ ಹಾರ ಹಾಕಿದರು. ಹುಲಿಗೆಪ್ಪನ ಕುರ್ಚಿ ಈ ಮನೆ ಬಿಟ್ಟು ಹೋಗುವುದಿಲ್ಲವೆಂದು ಮರಾಠಿಯಲ್ಲಿ ಹೇಳಿ, ದೇವಾನಂದನ ಹೆಗಲ ಮೇಲೆ ಕೈಯಿಟ್ಟರು. ದೇವಾನಂದ ಬಗ್ಗಿ ಅವರ ಕಾಲು ಮುಟ್ಟಿದ.

ಹೆಣ ಲಾರಿಗೇರಿದಾಗ ಅಂಬಾಬಾಯಿ ದೇವಾನಂದನನ್ನು ತಡೆದಳು. "ಜಾಳಿಗಿ ಕಟ್ಟೋತನಕ ಯಾರೂ ಒಳಗ ಹೋಗಬಾರ್ದು. ನಿಮ್ಮಣ್ಣನ ಮಾತು ಅದು."

"ಹೂಂ, ವೈನಿ." ಅವನು ತಲೆಯೆತ್ತಲಿಲ್ಲ.

"ಮಣ್ಣು ಕೊಟ್ಟು ಸೀದಾ ಇಲ್ಲಿಗೇ ಬರ್ರಿ ಎಲ್ಲಾರೂ. ಕಾಲಿಗಿ ನೀರು ಇಟ್ಟಿರ್ತೀನಿ."

ಮಣ್ಣಿಗೆ ಹೋದವರು ಸತ್ತವನ ಮನೆಯಲ್ಲಿ ಕಾಲು ತೊಳೆದು, ದೀಪ ನೋಡಿಯೇ ತಮ್ಮ ಮನೆಗೆ ಹೋಗಬೇಕು. ಅಂಬಾಬಾಯಿ ನೆಲ ತೊಳೆದು ದೀಪ ಹಚ್ಚಿದಳು. ಓಣಿಯ ಬಕೆಟ್ಟುಗಳನ್ನೆಲ್ಲ ತುಂಬಿಸಿ ಬಾಗಿಲಿಗಿಟ್ಟಳು.

ಮಧ್ಯಾಹ್ನ ಲಾರಿಯ ಸದ್ದಾಯಿತು. ಅವಳು ಚೊಂಬು ಹಿಡಿದು ಎದ್ದಳು. ಲಾರಿ ಓಣಿಯ ಮುಂದೆ ನಿಧಾನಿಸದೆ ಎದುರಿನ ಗೇಟು ಹೊಕ್ಕಿತು. ಒಬ್ಬನೂ ಈ ಕಡೆ ಮುಖ ತಿರುಗಿಸಲಿಲ್ಲ. ಕಾಂಕ್ರೀಟ್ ಮಷಿನ್ ಗುಡುಗಿತು. ಬಕೆಟ್ಟುಗಳಲ್ಲಿ ನೀರು ನಡುಗಿತು. ಹುಲಿಗೆಪ್ಪನ ಗುಂಡಿಯ ಮಣ್ಣು ಮೆತ್ತಿದ ಕಾಲುಗಳು ಒಂದರ ಹಿಂದೊಂದು ಜಾಳಿಗೆಯಿಲ್ಲದ ಮಹಡಿಗಳನ್ನು ಏರತೊಡಗಿದವು.